ಹೆಡ್‌ಫೋನ್ ಪರೀಕ್ಷೆ: ಕಿವಿಯೋ, ಕಾಗದವೋ?

ಕಳೆದ ತಿಂಗಳ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ನಡೆದ ಜಗಳ ಈಗಾಗಲೇ ಸದಸ್ಯರ ಮನೆಮನೆಗೂ ಮುಟ್ಟಿರುವುದರಿಂದ ಅದನ್ನು ಇಲ್ಲಿ ಮುಚ್ಚಿಟ್ಟು ಪ್ರಯೋಜನವಿಲ್ಲ. ಸಂಘದ ವಾಚನಾಲಯದಲ್ಲಿ ಹಿರಿಯರು ಕುಳಿತು ಹಳೆಯ ಕಚೇರಿಗಳನ್ನು ಕೇಳಲೆಂದು ಆರು ಹೆಡ್‌ಫೋನುಗಳನ್ನು ಕೊಳ್ಳುವುದೆಂದು ನಿರ್ಣಯವಾಗಿತ್ತು. ಮೂವತ್ತು ನಲವತ್ತು ವರ್ಷದ ಕ್ಯಾಸೆಟ್‌ಗಳನ್ನು ನಮ್ಮ ಹುಡುಗರು ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದಾರೆ. ಪಕ್ಕದಲ್ಲಿ ಪತ್ರಿಕೆ ಓದುವವರಿಗೆ ತೊಂದರೆಯಾಗಬಾರದೆಂದರೆ ಕಿವಿಗೆ ಏನಾದರೂ ಹಾಕಿಕೊಳ್ಳಲೇಬೇಕು.

ಖಜಾಂಚಿಗಳು ನಾಲ್ಕು ಮಾದರಿಗಳ ಅಳತೆಯ ವಕ್ರರೇಖೆಗಳನ್ನು ಮುದ್ರಿಸಿಕೊಂಡು ಬಂದಿದ್ದರು. ಫ್ರೀಕ್ವೆನ್ಸಿ ರೆಸ್ಪಾನ್ಸ್ ಎಂದು ಅದಕ್ಕೆ ಹೆಸರು. ಮಂದ್ರದ 20 ಹರ್ಟ್ಸಿನಿಂದ ತಾರದ 20,000 ಹರ್ಟ್ಸಿನವರೆಗೆ ಯಾವ ಸ್ವರವನ್ನು ಎಷ್ಟು ಬಲವಾಗಿ ನುಡಿಸುತ್ತದೆಂದು ತೋರಿಸುವ ಏರಿಳಿತದ ಗೆರೆ ಅದು. ನಮ್ಮ ಸಂಗೀತ ವರ್ಗದ ಮಾಸ್ತರರು ಆ ಕಾಗದವನ್ನು ಮುಟ್ಟಲೂ ಒಪ್ಪಲಿಲ್ಲ. "ತಂಬೂರಿ ಶ್ರುತಿ ಮಾಡೋವಾಗ ನಾನು ಕಾಗದ ನೋಡ್ತೀನೇನ್ರೀ?" ಎಂದರು. ಖಜಾಂಚಿಗಳು, "ಮಾಸ್ತರ, ಕಿವಿ ನಿಮ್ಮದು ಖರೆ, ಆದರ ರೊಕ್ಕ ಎಲ್ಲಾರದು" ಎಂದುಬಿಟ್ಟರು. ಚಹಾ ಆರಿಹೋಯಿತು. ಕೊನೆಗೆ, ಇಬ್ಬರಿಗೂ ಬೇಡವಾದ ನನ್ನ ಕುತ್ತಿಗೆಗೆ ಈ ವಿಷಯದ ಪೂರ್ವಚರಿತ್ರೆಯನ್ನು ಓದಿ ಹೇಳುವ ಕೆಲಸ ಬಿತ್ತು. ಓದುತ್ತ ಹೋದಂತೆ ತಿಳಿದುಬಂದ ಸಂಗತಿ ಎಂದರೆ, ನಮ್ಮ ಜಗಳಕ್ಕೆ ಒಂದು ಶತಮಾನದ ವಂಶಾವಳಿಯಿದೆ.

ಇಂದಿನ ಹೆಡ್‌ಫೋನಿನ ಮೂಲಪುರುಷನೆಂದು ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕದ ಯೂಟಾ ಪ್ರಾಂತದ ನಥೇನಿಯಲ್ ಬಾಲ್ಡ್ವಿನ್‌ನನ್ನು. 1910ರಲ್ಲಿ ಆತ ತಾನು ಮಾಡಿದ ಒಂದು ಜೊತೆಯನ್ನು ಅಮೆರಿಕದ ನೌಕಾಪಡೆಗೆ ಕಳುಹಿಸಿಕೊಟ್ಟ. ಅಲ್ಲಿಯವರು ಹಾಕಿಕೊಂಡು ನೋಡಿ ಬೆರಗಾಗಿ ಬೇಡಿಕೆ ಸಲ್ಲಿಸಿದರೆ, ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಆಗದು ಎಂದನಂತೆ ಈ ಮಹಾನುಭಾವ. ಕಾರಣ, ಅವನ ಕಾರ್ಖಾನೆ ಎಂದರೆ ಮನೆಯ ಅಡಿಗೆಕೋಣೆ. ಆಗಿನ ಪರೀಕ್ಷೆಯೂ ಸರಳವಾಗಿತ್ತು: ದೂರದ ಹಡಗಿನಿಂದ ಬರುವ ಕ್ಷೀಣವಾದ ತಂತಿ ಸಂಕೇತ ಕೇಳಿಸಿತೋ ಇಲ್ಲವೋ. ಇಂಪಿನ ಪ್ರಶ್ನೆಯೇ ಅಲ್ಲಿರಲಿಲ್ಲ, ಆದ್ದರಿಂದ ಜಗಳವೂ ಇರಲಿಲ್ಲ.

ಇಂಪಿನ ವಿಷಯದಲ್ಲಿ ಕಿವಿಯನ್ನೇ ಸಾಕ್ಷಿಗೆ ಕರೆದವನು ಎಡಿಸನ್. 1915ರಿಂದ ಹತ್ತು ವರ್ಷ ಅವನ ಕಂಪನಿ ಊರೂರಿನಲ್ಲಿ ಒಂದು ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಅವಳ ಹಾಡೇ ಇರುವ ಫೋನೋಗ್ರಾಫ್. ಹಾಡುತ್ತ ಹಾಡುತ್ತ ದೀಪ ಆರಿಸುವರು, ಮತ್ತೆ ದೀಪ ಬಂದಾಗ ಗಾಯಕಿ ಅಲ್ಲಿಲ್ಲ, ಹಾಡು ಮಾತ್ರ ಮುಂದುವರಿದಿದೆ! ವ್ಯತ್ಯಾಸವೇ ತಿಳಿಯಲಿಲ್ಲವೆಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಆ ತಟ್ಟೆಗಳ ಧ್ವನಿಯನ್ನು ಇಂದು ಕೇಳಿದರೆ ತಗಡಿನ ಡಬ್ಬಿಯೊಳಗಿಂದ ಬಂದಂತಿದೆ. ಹಾಗಾದರೆ ಅಷ್ಟು ಜನರ ಕಿವಿ ಸುಳ್ಳಾಡಿತೇ? ಆ ಗಾಯಕಿಯರಲ್ಲೊಬ್ಬಳಾದ ಅನ್ನಾ ಕೇಸ್, ಯಂತ್ರದ ಸ್ವರಕ್ಕೆ ಹೊಂದುವಂತೆ ತಾನು ದನಿಯನ್ನು ತಗ್ಗಿಸಿ ಹಾಡುತ್ತಿದ್ದುದಾಗಿ ಮುಪ್ಪಿನಲ್ಲಿ ಒಪ್ಪಿಕೊಂಡಳು. ಯಂತ್ರ ಮನುಷ್ಯನಂತೆ ಹಾಡಲಿಲ್ಲ, ಮನುಷ್ಯಳೇ ಯಂತ್ರದಂತೆ ಹಾಡಿದಳು. ಇನ್ನು ಎಡಿಸನ್‌ನ ಸಂಗತಿಯಂತೂ ಕೇಳುವುದೇ ಬೇಡ. ಬಾಲ್ಯದಿಂದಲೇ ಕಿವಿ ಮಂದವಾಗಿದ್ದ ಆತ ಫೋನೋಗ್ರಾಫಿನ ಮರವನ್ನು ಹಲ್ಲಿನಿಂದ ಕಚ್ಚಿಹಿಡಿದು, ಎಲುಬಿನ ಮೂಲಕ ಬರುವ ಕಂಪನವನ್ನು ಕೇಳಿ ಗಾಯಕರ ಗುಣದೋಷ ನಿರ್ಣಯಿಸುತ್ತಿದ್ದ. (ನಮ್ಮ ಮಾಸ್ತರರು ಇದನ್ನು ಓದಿ ಸಿಟ್ಟಾಗಬಾರದಾಗಿ ಪ್ರಾರ್ಥನೆ.)

ಅಳತೆಯ ಪಕ್ಷಕ್ಕೆ ಬಲ ಬಂದದ್ದು ಟೆಲಿಫೋನಿನಿಂದ. ಬೆಲ್ ಪ್ರಯೋಗಶಾಲೆಯ ಎಂಜಿನಿಯರರಿಗೆ ಸಾವಿರಾರು ಮೈಲಿ ತಂತಿಯಲ್ಲಿ ಮಾತು ಎಷ್ಟು ಸವೆಯುತ್ತದೆಂಬ ಲೆಕ್ಕ ಬೇಕಾಗಿತ್ತು. ಡೆಸಿಬೆಲ್ ಎಂಬ ಮಾನ 1920ರ ದಶಕದಲ್ಲಿ ಅಲ್ಲಿಯೇ ಹುಟ್ಟಿತು. ಅದೇ ಪ್ರಯೋಗಶಾಲೆಯ ಹಾರ್ವೆ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಪ್ರಬಂಧ ಈ ಚರಿತ್ರೆಯ ಮುಖ್ಯವಾದ ತಿರುವು. ಕೇಳುಗರ ಕಿವಿಗೆ ರಿಸೀವರ್ ಹಾಕಿ, ಒಂದೊಂದೇ ಸ್ವರ ಕೇಳಿಸಿ, ಎರಡು ಸ್ವರಗಳು ಸಮಾನ ಜೋರಾಗಿ ಕೇಳಿಸುವುದು ಯಾವಾಗ ಎಂದು ಅವರನ್ನೇ ವಿಚಾರಿಸಿ ಗೆರೆ ಎಳೆದರು. ಆ ಗೆರೆ ಸಪಾಟಾಗಿರಲಿಲ್ಲ, ಘಟ್ಟದ ರಸ್ತೆಯಂತೆ ಏರುತಗ್ಗಾಗಿತ್ತು. ಧ್ವನಿ ಸಣ್ಣದಾದಾಗ ಮಂದ್ರ ಸ್ವರಗಳು ನಮ್ಮ ಕಿವಿಗೆ ಬೇಗ ಮರೆಯಾಗುತ್ತವೆ. 3000-4000 ಹರ್ಟ್ಸಿನ ಆಸುಪಾಸಿನಲ್ಲಿ ಕಿವಿ ಬಹಳ ಚುರುಕು. ಹಳೆಯ ಟೂ-ಇನ್-ವನ್‌ಗಳಲ್ಲಿ 'ಲೌಡ್‌ನೆಸ್' ಎಂಬ ಗುಂಡಿ ಇರುತ್ತಿದ್ದುದು ನೆನಪಿದೆಯಲ್ಲವೇ? ಅದು ಈ ಪ್ರಬಂಧದ ಕೂಸು. 1984ರಲ್ಲಿ ಮಸ್ಕತ್ತಿನಿಂದ ನಮ್ಮ ಭಾವ ತಂದುಕೊಟ್ಟ ಯಂತ್ರದಲ್ಲಿ ಆ ಗುಂಡಿಯನ್ನು ಏಕೆ ಒತ್ತಬೇಕೆಂದು ತಿಳಿಯದೆ ಹತ್ತು ವರ್ಷ ಒತ್ತಿಯೇ ಇಟ್ಟಿದ್ದೆವು.

ಗಮನಿಸಬೇಕಾದ್ದು, ಅಳತೆಯ ಪಕ್ಷದವರ ಈ ಮೂಲದಾಖಲೆಯೇ ಮನುಷ್ಯರ ಕಿವಿಯನ್ನು ಕೇಳಿ ಬರೆದದ್ದು. ಯಂತ್ರ ಅದನ್ನು ತಾನೇ ಕಂಡುಹಿಡಿಯಲಿಲ್ಲ. ಇಂಥದೇ ಒಂದು ಸಂಗತಿ ನಮ್ಮಲ್ಲೂ ಇದೆ. ಸರ್ ಸಿ. ವಿ. ರಾಮನ್ ಅವರು, ಬೆಂಗಳೂರಿಗೆ ಬರುವ ಎಷ್ಟೋ ಮುಂಚೆ, ಕಲ್ಕತ್ತೆಯಲ್ಲಿದ್ದಾಗ 1920ರಲ್ಲಿ ಎಸ್. ಕುಮಾರ್ ಅವರೊಡನೆ 'ನೇಚರ್' ಪತ್ರಿಕೆಯಲ್ಲಿ ಬರೆದರು: ಬರಿಯ ಚರ್ಮದ ಮುಚ್ಚಿಗೆಯ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ, ಮೃದಂಗ ತಬಲಗಳಲ್ಲಿ ನಡುವೆ ಮೆತ್ತಿದ ಕರಣೆಯ ಭಾರದಿಂದ ಅವು ಸುಸ್ವರವಾಗಿ ಕೂಡಿಕೊಳ್ಳುತ್ತವೆ ಎಂದು. ಕರಣೆಯನ್ನು ಪದರಪದರವಾಗಿ ಹಚ್ಚಿ, ಬಡಿದು, ಕೇಳಿ, ಉಜ್ಜಿ, ಮತ್ತೆ ಕೇಳಿದ ಕೈಗಳಿಗೆ ಯಾವ ಗೆರೆಯೂ ಗೊತ್ತಿರಲಿಲ್ಲ. ಇಲ್ಲಿ ಮಾಸ್ತರರಿಗೆ ಒಂದು ಅಂಕ ಕೊಡಲೇಬೇಕು.

ಸಂಗೀತಕ್ಕೆಂದೇ ಹೆಡ್‌ಫೋನ್ ಬಂದದ್ದು ಇದರ ನಂತರ. 1937ರಲ್ಲಿ ಜರ್ಮನಿಯ ಬೇಯರ್ ಕಂಪನಿ ತಂದ ಡಿಟಿ 48 ಸ್ಟುಡಿಯೋಗಳಲ್ಲೂ ನಡೆಯಿತು, ಮುಂದೆ ಕಿವುಡುತನ ಪರೀಕ್ಷಿಸುವ ವೈದ್ಯರಲ್ಲಿಗೂ ಹೋಯಿತು. 1958ರಲ್ಲಿ ಮಿಲ್ವಾಕಿಯ ಜಾನ್ ಕಾಸ್ ಒಂದು ಪುಟ್ಟ ಸ್ಟೀರಿಯೋ ಗ್ರಾಮಫೋನನ್ನು ಪ್ರದರ್ಶನಕ್ಕಿಟ್ಟು ಜೊತೆಗೆ ಹೆಡ್‌ಫೋನನ್ನೂ ಇಟ್ಟರೆ, ಜನ ಗ್ರಾಮಫೋನು ಬಿಟ್ಟು ಹೆಡ್‌ಫೋನಿಗೇ ಮುಗಿಬಿದ್ದರು. 1968ರಲ್ಲಿ ಹಳದಿ ಸ್ಪಂಜಿನ ಸೆನ್‌ಹೈಸರ್ ಎಚ್‌ಡಿ 414, 1979ರಲ್ಲಿ ಸೋನಿ ವಾಕ್‌ಮನ್. ಅಲ್ಲಿಂದ ಮುಂದಿನದು ನಮ್ಮ ಲೋಕಲ್ ಗಾಡಿಯಲ್ಲಿ ದಿನವೂ ಕಾಣುವ ಇತಿಹಾಸ.

ಪತ್ರಿಕೆಗಳಲ್ಲಿ ವಿಮರ್ಶೆ ಹುಟ್ಟಿಕೊಂಡದ್ದೂ ಈ ಕಾಲದಲ್ಲೇ. ಅಮೆರಿಕದಲ್ಲಿ ಜೂಲಿಯನ್ ಹಿರ್ಶ್ ಎಂಬವರು ಪ್ರಯೋಗಶಾಲೆಯ ಅಂಕಿಗಳಿಂದ ಉಪಕರಣಗಳನ್ನು ತೂಗುತ್ತಿದ್ದರು. ಅದರಿಂದ ಬೇಸತ್ತ ಗೋರ್ಡನ್ ಹೋಲ್ಟ್ 1962ರಲ್ಲಿ 'ಸ್ಟೀರಿಯೋಫೈಲ್' ಎಂಬ ಪತ್ರಿಕೆ ತೆಗೆದು, ಕೇಳಿ ಬರೆಯುವ ಸಂಪ್ರದಾಯವನ್ನು ಶುರುಮಾಡಿದರು. ಸಂಪ್ರದಾಯ ಬೆಳೆದು ಮರವಾಯಿತು, ಮರದ ತುಂಬ ವಿಶೇಷಣಗಳ ಹೂವು. ಕೊನೆಗಾಲದಲ್ಲಿ ಆ ಹೋಲ್ಟರೇ, ಹೆಸರು ಮರೆಮಾಡಿ ಕೇಳುವ ಪರೀಕ್ಷೆಗೆ ಈ ವಿಮರ್ಶಕರು ಒಪ್ಪದಿರುವುದರಿಂದ ಇಡೀ ವ್ಯವಹಾರವೇ ನಂಬಿಕೆ ಕಳೆದುಕೊಂಡಿತೆಂದು ಕಟುವಾಗಿ ನುಡಿದರು.

ಹಾಗೆಂದು ಅಂಕಿಯವರ ಕೈ ಶುದ್ಧವೆಂದು ತಿಳಿಯಬೇಡಿ. ಸ್ಪೀಕರಿಗಾದರೆ ಎದುರಿಗೆ ಮೈಕ್ ಇಟ್ಟು ಅಳೆಯಬಹುದು. ಹೆಡ್‌ಫೋನಿನ ಧ್ವನಿ ಹುಟ್ಟುವುದೇ ಕಿವಿಯ ಬಾಗಿಲಲ್ಲಿ. ಎರಡೂವರೆ ಸೆಂಟಿಮೀಟರ್ ಉದ್ದದ ನಮ್ಮ ಕಿವಿಯ ನಾಳ, ಕೊಳಲಿನಂತೆ ತಾನೇ ಸ್ವರಗೂಡಿ, 3000 ಹರ್ಟ್ಸಿನ ಸುತ್ತಿನ ಧ್ವನಿಯನ್ನು ಹಿಗ್ಗಿಸುತ್ತದೆ. ಹೊರಕಿವಿ, ತಲೆ, ಭುಜ ಇವೆಲ್ಲ ಸೇರಿದರೆ ಕಿವಿಯ ತಮಟೆ ಮುಟ್ಟುವ ಹೊತ್ತಿಗೆ ಸುಮಾರು 15 ಡೆಸಿಬೆಲ್ ಏರಿಕೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಶಾ ಎಂಬ ವಿಜ್ಞಾನಿ 1974ರಲ್ಲಿ ಈ ಲೆಕ್ಕವನ್ನೆಲ್ಲ ಒಟ್ಟುಗೂಡಿಸಿದರು. ಅಂದಮೇಲೆ, ತಮಟೆಯ ಹತ್ತಿರ ಸಪಾಟು ಗೆರೆ ತೋರಿಸುವ ಹೆಡ್‌ಫೋನು ಒಳ್ಳೆಯದಲ್ಲ, ಅದು ಕಂಬಳಿ ಹೊದ್ದು ಹಾಡಿದಂತೆ ಕೇಳಿಸುತ್ತದೆ. ಗೆರೆ ಎಲ್ಲಿ ಎಷ್ಟು ಡೊಂಕಾಗಿರಬೇಕು? ಅಳೆಯುವವರಿಗೇ ಬಹುಕಾಲ ಒಮ್ಮತವಿರಲಿಲ್ಲ. 1972ರಲ್ಲಿ ಕೆಮಾರ್ ಎಂಬ, ಕಿವಿಯುಳ್ಳ ಬೊಂಬೆ ತಯಾರಾಯಿತು. ಎದುರಿನಿಂದ ಬರುವ ಧ್ವನಿಯನ್ನು ಆದರ್ಶವಾಗಿಟ್ಟುಕೊಳ್ಳಬೇಕೆಂದು ಕೆಲವರು ಎಂದರೆ, ಎಲ್ಲ ದಿಕ್ಕಿನಿಂದ ಸಮನಾಗಿ ಬರುವ ಧ್ವನಿಯೇ ಆದರ್ಶವೆಂದು ಮ್ಯೂನಿಚ್ಚಿನ ಥೈಲೆ 1986ರಲ್ಲಿ ವಾದಿಸಿದರು. ಆದರ್ಶ ಬದಲಾದರೆ ಅದೇ ಹೆಡ್‌ಫೋನು ಒಮ್ಮೆ ಪಾಸು, ಒಮ್ಮೆ ನಪಾಸು. ಖಜಾಂಚಿಗಳು ತಂದ ಕಾಗದದ ಮೇಲೆ ಯಾವ ಬೊಂಬೆ, ಯಾವ ಆದರ್ಶ ಎಂದು ಬರೆದಿರಲಿಲ್ಲ, ನಾನು ನೋಡಿದೆ.

ಈ ಕಗ್ಗಂಟನ್ನು ಬಿಚ್ಚುವ ದಾರಿ ತೋರಿಸಿದವರು ಕೆನಡಾದ ಅದೇ ಮಂಡಳಿಯ ಫ್ಲಾಯ್ಡ್ ಟೂಲ್. 1980ರ ದಶಕದಲ್ಲಿ ಅವರು ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಕೇಳಿಸಿ, ಕೇಳುಗರಿಂದ ಅಂಕ ಹಾಕಿಸಿ, ಆ ಅಂಕಗಳನ್ನು ಅಳತೆಯ ಗೆರೆಗಳೊಡನೆ ಹೋಲಿಸಿದರು. ಹೆಸರು ಕಾಣದಿದ್ದಾಗ ಜನರ ರುಚಿ ಆಶ್ಚರ್ಯಪಡುವಷ್ಟು ಒಂದೇ ಆಗಿತ್ತು, ಗೆರೆ ನಯವಾಗಿದ್ದವೇ ಗೆದ್ದವು. ಇನ್ನೊಂದು ಸಂಗತಿ ನನ್ನನ್ನು ತಟ್ಟಿತು. ಕೇಳುವ ಶಕ್ತಿ ಕುಂದಿದವರ ತೀರ್ಪು ನಿಲ್ಲುತ್ತಿರಲಿಲ್ಲ, ಅದೇ ಸ್ಪೀಕರಿಗೆ ಇಂದು ಒಂದು ಅಂಕ, ನಾಳೆ ಇನ್ನೊಂದು. ವರ್ಷಗಟ್ಟಲೆ ಸ್ಟುಡಿಯೋದಲ್ಲಿ ಕಿವಿ ಸವೆಸಿದ ಪರಿಣತರೂ ಅಂಥವರಲ್ಲಿದ್ದರು. ಅರವತ್ತೆಂಟು ದಾಟಿದ ನಾನು, ಮನೆಯಲ್ಲಿ ರೇಡಿಯೋದಿಂದ ಟೀವಿಯವರೆಗೆ ಎಲ್ಲದರ ಧ್ವನಿಗೂ ಕೊನೆಯ ತೀರ್ಪು ಕೊಡುತ್ತ ಬಂದವನು, ಅಂದು ಪುಸ್ತಕ ಮುಚ್ಚಿಟ್ಟೆ. ಕಳೆದ ವರ್ಷ ಡಾಕ್ಟರು ನನ್ನ ಕಿವಿ ಪರೀಕ್ಷಿಸಿ ಕೊಟ್ಟ ಚೀಟಿಯ ಮೇಲೂ ಒಂದು ಗೆರೆಯಿದೆ. ಬಲಕ್ಕೆ ಹೋದಂತೆ ಅದು ಕೆರೆಯ ಏರಿಯಿಂದ ಇಳಿದಂತೆ ಇಳಿದಿದೆ. "ಅಜ್ಜಾ, ಟೀವಿ ಭಾಳ ಜೋರಾತು" ಎಂದು ಮೊಮ್ಮಗಳು ಎರಡು ವರ್ಷದಿಂದ ಹೇಳುತ್ತಿದ್ದಳು.

ಟೂಲ್ ಮುಂದೆ ಹಾರ್ಮನ್ ಕಂಪನಿ ಸೇರಿದರು. 1994ರಲ್ಲಿ ಅವರೂ ಶಾನ್ ಆಲಿವ್ ಎಂಬವರೂ ಆ ಕಂಪನಿಯ ನೌಕರರನ್ನೇ ಕೂರಿಸಿ, ಅವೇ ಸ್ಪೀಕರುಗಳನ್ನು ಒಮ್ಮೆ ಕಾಣದಂತೆ, ಒಮ್ಮೆ ಕಾಣುವಂತೆ ಕೇಳಿಸಿದರು. ಕಣ್ಣಿಗೆ ಕಂಡಕೂಡಲೇ ಅಂಕಗಳು ಅದಲುಬದಲು. ಸಣ್ಣ, ಅಗ್ಗದ ಜೋಡಿ ಪಾಪ, ಕಾಣದಿದ್ದಾಗ ಗಳಿಸಿದ ಅಂಕವನ್ನು ಕಂಡಾಗ ಕಳೆದುಕೊಂಡಿತು.

ಹೆಡ್‌ಫೋನಿಗೆ ಪರದೆ ಹಾಕುವುದು ಹೇಗೆ? ತಲೆಯ ಮೇಲೆ ಭಾರ ಗೊತ್ತಾಗುತ್ತದಲ್ಲ. 2012ರಲ್ಲಿ ಆಲಿವ್ ಮತ್ತು ವೆಲ್ಟಿ ಆರು ಹೆಡ್‌ಫೋನುಗಳನ್ನು ಪರೀಕ್ಷಿಸಿದಾಗ, ಸಹಾಯಕನೊಬ್ಬ ಹಿಂದೆ ನಿಂತು ಒಂದೊಂದನ್ನೇ ಕೇಳುಗರ ತಲೆಗೆ ಇಡುತ್ತಿದ್ದ. ಮುಂದಿನ ಪರೀಕ್ಷೆಗಳಲ್ಲಿ ಒಂದೇ ಹೆಡ್‌ಫೋನಿನಲ್ಲಿ ಬೇರೆಬೇರೆಯವುಗಳ ಗೆರೆಯನ್ನು ಅನುಕರಿಸಿ ಕೇಳಿಸಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಸ್ಪೀಕರು ನುಡಿದಂತೆ ಕೇಳಿಸುವ ಗೆರೆಯೇ ಹೆಚ್ಚಿನವರಿಗೆ ಹಿಡಿಸಿತು. 2013ರಿಂದ ಹೆಸರುವಾಸಿಯಾದ 'ಹಾರ್ಮನ್ ಗೆರೆ' ಇದೇ. ಅದನ್ನು ಎಳೆದದ್ದು ಹೆಡ್‌ಫೋನು ಮಾರುವ ಕಂಪನಿಯೇ ಎಂಬುದನ್ನು ಮರೆಯಬಾರದು. ಆದರೆ ತಮ್ಮ ವಿಧಾನವನ್ನೆಲ್ಲ ಪ್ರಕಟಿಸಿದರೆಂಬುದನ್ನೂ ಹೇಳಬೇಕು. ಅಮೆರಿಕ, ಕೆನಡಾ, ಜರ್ಮನಿ, ಚೀನಾ ದೇಶಗಳವರನ್ನು ಕೂರಿಸಿ ಕೇಳಿಸಿದಾಗಲೂ ಉತ್ತರ ಬಹುಮಟ್ಟಿಗೆ ಒಂದೇ ಬಂತಂತೆ. ತಂಬೂರಿಯ ಝೇಂಕಾರಕ್ಕೆ ಪಳಗಿದ ಕಿವಿ ಆ ಪಟ್ಟಿಯಲ್ಲಿಲ್ಲ ಎಂದು ಮಾಸ್ತರರು ಆಕ್ಷೇಪಿಸಿದರೆ ನಾನು ಅವರ ಪಕ್ಷ.

ಬೆಲೆಯ ಮಾತು ಬಂದರೆ ಮಾತ್ರ ಕಾಗದದ ಪಕ್ಷ ಬಹಳ ಗಟ್ಟಿ. 2017ರಲ್ಲಿ ಬ್ರೇಬಾರ್ಟ್ ಎಂಬವರು 283 ಹೆಡ್‌ಫೋನುಗಳ ಗೆರೆಗಳನ್ನೂ ಬೆಲೆಗಳನ್ನೂ ಹೋಲಿಸಿ ನೋಡಿದರು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಸಿಗಲಿಲ್ಲ. ನಮ್ಮ ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿ ಕೇಳಿದಾಗ ಎಲ್ಲರೂ ಭೇಷ್ ಎಂದದ್ದು ಯಾವುದಕ್ಕೆ? ಹನ್ನೊಂದು ಸಾವಿರದ, ತೊಗಲಿನ ಗಾದಿಯ, ಭಾರವಾದದ್ದಕ್ಕೆ. ಬೆಲೆಯ ಚೀಟಿ ಅದರ ಮೇಲೇ ನೇತಾಡುತ್ತಿತ್ತು. ನಾನೂ ಭೇಷ್ ಎಂದವನೇ.

ಆಲಿವ್ ಅವರ ಮುಂದಿನ ಅಧ್ಯಯನದಲ್ಲಿ ಕೇಳುಗರು ಮೂರು ಗುಂಪಾದರು. ಸುಮಾರು 64 ಶೇಕಡಾ ಜನಕ್ಕೆ ಹಾರ್ಮನ್ ಗೆರೆ ಒಪ್ಪಿಗೆ, 15 ಶೇಕಡಾ ಜನಕ್ಕೆ ಇನ್ನೂ ಹೆಚ್ಚು ಮಂದ್ರ ಬೇಕು, 21 ಶೇಕಡಾ ಜನಕ್ಕೆ ಕಡಿಮೆ ಸಾಕು. ಈ ಕೊನೆಯ ಗುಂಪಿನಲ್ಲಿ ಹೆಂಗಸರೂ ಐವತ್ತು ದಾಟಿದವರೂ ಹೆಚ್ಚು, ಎಂದರೆ ನಮ್ಮ ವಾಚನಾಲಯಕ್ಕೆ ಬರುವವರೇ. ಅವರಲ್ಲಿ ಹೆಚ್ಚಿನವರು ಕನ್ನಡಕ ಹಾಕಿಕೊಳ್ಳುವವರು. ಕನ್ನಡಕದ ಕಡ್ಡಿ ಗಾದಿಯನ್ನು ಎತ್ತಿಹಿಡಿದರೆ ಸಂದಿಯಿಂದ ಮಂದ್ರ ಸೋರಿಹೋಗುತ್ತದೆ, ಯಾವ ಬೊಂಬೆಯೂ ಕನ್ನಡಕ ಹಾಕಿಕೊಂಡು ಕೂತದ್ದನ್ನು ನಾನು ಓದಲಿಲ್ಲ.

ಇಷ್ಟನ್ನು ಸಮಿತಿಗೆ ವರದಿ ಮಾಡಿದ್ದೇನೆ. ಖಜಾಂಚಿಗಳ ಕಾಗದದಲ್ಲಿ ಗೆರೆ ತೀರ ಕೆಟ್ಟಿದ್ದ ಒಂದನ್ನು ಕೈಬಿಟ್ಟು, ಉಳಿದ ಮೂರನ್ನು ಬರುವ ತಿಂಗಳ ಎರಡನೆಯ ಭಾನುವಾರ ಸಂಜೆ ನಾಲ್ಕು ಗಂಟೆಗೆ ವಾಚನಾಲಯದಲ್ಲಿ ಕೇಳಿಸಲಾಗುವುದು. ಮೂರಕ್ಕೂ ಧ್ವನಿಯ ಮಟ್ಟ ಸಮನಾಗಿಡುವ ಹೊಣೆ ಖಜಾಂಚಿಗಳದು. ಹಿಂದೆ ನಿಂತು ತಲೆಗೆ ಇಡುವ ಕೆಲಸಕ್ಕೆ ನನ್ನ ಮೊಮ್ಮಗಳು ಒಪ್ಪಿದ್ದಾಳೆ. ಯಾವ ಕಚೇರಿ ಕೇಳಿಸಬೇಕೆಂಬುದನ್ನು ಮಾಸ್ತರರು ಆರಿಸುತ್ತಾರೆ. ಕಣ್ಣಿಗೆ ಬಟ್ಟೆ ಸಂಘದ್ದು. ಅರವತ್ತು ದಾಟಿದ ಸದಸ್ಯರು ಮನೆಯಲ್ಲಿ ದಿನವೂ ಹಾಕಿಕೊಳ್ಳುವ ಕನ್ನಡಕದೊಡನೆಯೇ ಬರಬೇಕಾಗಿ ವಿನಂತಿ. ಬಟ್ಟೆಯನ್ನು ಅದರ ಮೇಲೆಯೇ ಕಟ್ಟಲಾಗುವುದು.