ಚೌಡಯ್ಯನವರ ಏಳು ತಂತಿಗಳು

ಪಿಟೀಲು ಚೌಡಯ್ಯನವರೆಂದೊಡನೆ ನಮ್ಮವರಿಗೆ ನೆನಪಾಗುವುದು ಏಳು ತಂತಿಗಳು. ಆದರೆ ನಾಲ್ಕಿದ್ದುದು ಏಳೇಕಾಯಿತೆಂದು ಯೋಚಿಸುವವರು ವಿರಳ.

ತಿರುಮಕೂಡಲಿನಲ್ಲಿ ಜನಿಸಿದ ಚೌಡಯ್ಯನವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಕಲಿತು ಕಛೇರಿಗಳಿಗೆ ಹೊರಟ ಕಾಲದಲ್ಲಿ ಧ್ವನಿವರ್ಧಕದ ಆಸರೆ ಇರಲಿಲ್ಲ. ಗಾಯಕರ ತುಂಬುಕಂಠದೆದುರು ಪಿಟೀಲಿನ ನಾದ ದೂರದಲ್ಲಿ ಕುಳಿತವರನ್ನು ಮುಟ್ಟುವುದು ಕಷ್ಟವಾಗಿತ್ತು. ಅವರು ಮೂರು ತಂತಿಗಳಿಗೆ ಒಂದು ಸ್ಥಾಯಿಯ ಅಂತರವಿರುವ ಜೊತೆತಂತಿಗಳನ್ನು ಕಟ್ಟಿದರು. ಜೋಡಿಯನ್ನು ಒಂದೇ ಬೆರಳಿನಿಂದ ಒತ್ತಿ, ಒಂದೇ ಕಮಾನಿನಿಂದ ಎಳೆಯಬೇಕು. ಒಂದು ತಂತಿ ಕೊಂಚ ಶ್ರುತಿ ತಪ್ಪಿದರೂ ಅಪಸ್ವರ. ಅದನ್ನು ಸಾಧಿಸಲು ಅಸಾಧಾರಣ ಪರಿಶ್ರಮವೇ ಬೇಕು.

ಮುಂದೆ ಧ್ವನಿವರ್ಧಕ ಬಂದಿತು. ಏಳು ತಂತಿಗಳ ಅಗತ್ಯ ತೀರಿತು. ಆ ಪದ್ಧತಿ ಹೆಚ್ಚು ಹರಡಲಿಲ್ಲ. ಹಾಗಾದರೆ ಅವರಿಂದ ನಮಗೆ ಉಳಿದುದೇನು?

ಚೆಂಬೈ ವೈದ್ಯನಾಥ ಭಾಗವತರಿಗೆ ಅವರು ಪಕ್ಕವಾದ್ಯ ನುಡಿಸಿರುವ ಧ್ವನಿಮುದ್ರಿಕೆಗಳನ್ನು ಕೇಳಿ. ಅಲ್ಲಿ ದೊಡ್ಡ ದನಿಗೆ ಕೆಲಸವಿಲ್ಲ. ಆದರೂ ಆ ಕಮಾನಿನ ತುಂಬುನಾದ, ಗಾಯಕರ ಸಂಗತಿಯನ್ನು ನೆರಳಿನಂತೆ ಹಿಂಬಾಲಿಸುವ ಗಮನ ಎದ್ದು ಕೇಳಿಸುತ್ತವೆ. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದನ್ನಿತ್ತು ಗೌರವಿಸಿತು. 1967ರಲ್ಲಿ ಅವರು ತೀರಿಕೊಂಡರು.

ಬೆಂಗಳೂರಿನಲ್ಲಿ ಪಿಟೀಲಿನಾಕಾರದ ಸ್ಮಾರಕ ಭವನವೇನೋ ಇದೆ. ಅದನ್ನು ಬೆರಗಿನಿಂದ ನೋಡುವ ನಮ್ಮ ಮಕ್ಕಳಿಗೆ, ಅವರ ಒಂದು ಆಲಾಪನೆಯನ್ನಾದರೂ ಪೂರ್ತಿಯಾಗಿ ಕೇಳಿಸುವ ಹೊಣೆ ಹಿರಿಯರದಲ್ಲವೇ?