ಕೋಡಿ ಬಿದ್ದ ನೀರು ಮರಳಿ ಏರುವ ದಾರಿ

ಕೆರೆ ಕೋಡಿ ಬಿತ್ತೆಂದರೆ ನಮ್ಮ ಹಿರಿಯೂರು ಸೀಮೆಯಲ್ಲಿ ಹಬ್ಬ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಕಟ್ಟುವ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ಅದು 1933ರಲ್ಲಿ ಕೋಡಿ ಬಿತ್ತು. ಮತ್ತೆ ಬಿದ್ದದ್ದು 89 ವರ್ಷಗಳ ಮೇಲೆ, 2022ರಲ್ಲಿ. ಅಂಥ ಸೀಮೆಯಲ್ಲಿ, ಆದಿವಾಲದ ನನ್ನ ತಂಗಿಯ ಮನೆಗೆ ಹಗಲಿರುಳೂ ಕೋಡಿ ಬೀಳುತ್ತಲೇ ಇರಬೇಕಾದ ಒಂದು ತೊಟ್ಟಿ ಬಂದಿದೆ. ಅವಳ ಮಗ ಕಡಲ ಮೀನು ಸಾಕುತ್ತಾನಂತೆ.

ಗಾಜಿನ ತೊಟ್ಟಿ ಮೇಲೆ, ಅದರ ಕೆಳಗೆ 'ಸಂಪ್' ಎಂಬ ಇನ್ನೊಂದು ತೊಟ್ಟಿ. ಮೇಲಿನ ನೀರು ಅಂಚು ದಾಟಿ ಕೆಳಗಿಳಿದು, ಸೋಸಿಕೊಂಡು, ಪಂಪಿನ ಬಲದಿಂದ ಮತ್ತೆ ಮೇಲೇರಬೇಕು. ಇಳಿಯುವ ನೀರಿಗೆ ಖರ್ಚಿಲ್ಲ. ಏರುವ ನೀರಿಗೆ ಅಡಿ ಅಡಿಗೂ ಲೆಕ್ಕವಿದೆ. "ಮಾವ, ಯಾವ ಪಂಪ್ ತರಲಿ?" ಎಂದು ಅವನು ಕೇಳಿದಾಗ ನನಗೆ ನೆನಪಾದದ್ದು ಕಪಿಲೆ.

ಕಪಿಲೆ ಬಾವಿಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಕೆಳಮುಖವಾಗಿ ನಡೆಯುತ್ತಿದ್ದವು. ಅವುಗಳ ಮೈಭಾರವೇ ಹಗ್ಗಕ್ಕೆ ಬಿದ್ದು ಚರ್ಮದ ಚೀಲದ ನೀರನ್ನು ಎತ್ತುತ್ತಿತ್ತು. ಬಾವಿ ಆಳವಾದಷ್ಟೂ ಎತ್ತು ನಡೆಯುವ ಹಾದಿ ಉದ್ದ, ಗಂಟೆಗೆ ಬರುವ ಚೀಲ ಕಡಿಮೆ. ಎತ್ತರ ಹೆಚ್ಚಿದರೆ ನೀರು ಕಡಿಮೆ ಎಂಬುದು ರೈತನಿಗೆ ಗೊತ್ತಿದ್ದ ಸತ್ಯ. ಪಂಪಿನ ಡಬ್ಬಿಯ ಮೇಲೆ ಅಚ್ಚಾಗಿರುವ ಎರಡು ಅಂಕಿ ಹೇಳುವುದೂ ಇದನ್ನೇ. ಗಂಟೆಗೆ 1,500 ಲೀಟರ್ ಎಂದಿದ್ದರೆ ಅದು ನೀರನ್ನು ಸ್ವಲ್ಪವೂ ಮೇಲೆತ್ತದೆ ಹರಿಸಿದಾಗಿನ ಮಾತು. ಎಂಟು ಅಡಿ ಎತ್ತರ ಎಂದಿದ್ದರೆ ಅಲ್ಲಿ ಒಂದು ಹನಿಯೂ ಹೊರಬೀಳದು. ಎರಡೂ ಒಟ್ಟಿಗೆ ಎಂದಿಗೂ ಸಿಗವು.

ನೀರನ್ನು ಹೀಗೆ ಮರಳಿಸುವ ಉಪಾಯ ಹಳೆಯದು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮೀನುಮನೆ ತೆರೆಯಿತು. ಆದರೆ ನಿಂತ ನೀರಿನಲ್ಲಿ ಕಡಲ ಜೀವಿಗಳನ್ನು ಉಳಿಸುವುದು ಕಷ್ಟ. ವಿಲಿಯಂ ಆಲ್ಫರ್ಡ್ ಲಾಯ್ಡ್ 1864ರಲ್ಲಿ ಹ್ಯಾಂಬರ್ಗಿನಲ್ಲೂ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲೂ ಬೇರೆ ದಾರಿ ಹಿಡಿದ. ಜನ ನೋಡುವ ತೊಟ್ಟಿಗಳಿಗಿಂತ ಎಷ್ಟೋ ದೊಡ್ಡದಾದ ಕತ್ತಲ ಕೊಳವೊಂದನ್ನು ಕೆಳಗೆ ಇಟ್ಟು, ಉಗಿಯಂತ್ರದಿಂದ ಅದೇ ನೀರನ್ನು ಬಿಡುವಿಲ್ಲದೆ ಸುತ್ತಿಸಿದ. ಉಪ್ಪುನೀರಿಗೆ ಲೋಹ ತಗುಲಬಾರದೆಂದು ಪಂಪು, ಕೊಳವೆಗಳಿಗೆ ವಲ್ಕನೈಟ್ ಎಂಬ ಗಟ್ಟಿ ರಬ್ಬರ್ ಬಳಸಿದ. ಕಡಲಿನಿಂದ ದೂರವಿರುವವನಿಗೆ ನೀರನ್ನು ಚೆಲ್ಲುವ ಐಶ್ವರ್ಯವಿಲ್ಲ. ಪೊಟ್ಟಣದ ಉಪ್ಪು ಕರಗಿಸಿ ಆದಿವಾಲದಲ್ಲಿ ಕಡಲು ಮಾಡಹೊರಟ ನನ್ನ ಅಳಿಯನಿಗೂ ಇಲ್ಲ. ತಾಮ್ರ, ಹಿತ್ತಾಳೆ ಸೇರಿದ ನೀರಿನಲ್ಲಿ ಹವಳ, ಸಿಗಡಿಗಳು ಬದುಕವು. ಹಾಗಾಗಿ ಇಂದು ವಲ್ಕನೈಟಿನ ಜಾಗದಲ್ಲಿ ಪಿವಿಸಿ ಇದೆ.

ಕೊಳವೆಯ ಲೆಕ್ಕ ಕೊಟ್ಟವನು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ. ತನ್ನೂರು ದಿಜೋನಿಗೆ ಕುಡಿಯುವ ನೀರು ತಂದ ಆತ, ಕೊಳವೆಯ ಒಳಮೈಗೆ ಉಜ್ಜಿ ನೀರು ಎಷ್ಟು ಬಲ ಕಳೆದುಕೊಳ್ಳುತ್ತದೆಂದು ಅಳೆದು 1857ರಲ್ಲಿ ಪ್ರಕಟಿಸಿದ. ಅಷ್ಟೇ ನೀರು ಎರಡರಷ್ಟು ಅಗಲದ ಕೊಳವೆಯಲ್ಲಿ ಹೋದರೆ ಆ ನಷ್ಟ ಸುಮಾರು ಮೂವತ್ತೆರಡರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪಂಪಿನ ಬಾಯಿ ಅರ್ಧ ಇಂಚಿದ್ದರೂ ಒಂದು ಇಂಚಿನ ಪೈಪು ಹಾಕು, ಎಲ್ಬೋ ಕಡಿಮೆ ಇರಲಿ ಎಂದು ನಾನು ಹೇಳಿದ್ದು ಇದಕ್ಕೇ. ಇಳಿಯುವ ಪೈಪು ಅದಕ್ಕಿಂತಲೂ ಅಗಲವಿರಬೇಕು. ಅದನ್ನು ತಳ್ಳುವವರು ಯಾರೂ ಇಲ್ಲವಲ್ಲ.

ಅವನ ತೊಟ್ಟಿ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ. ಸುಮಾರು 180 ಲೀಟರ್. ಗಂಟೆಗೆ ಐದು ಸುತ್ತು ಎಂದರೆ 900 ಲೀಟರ್. ಸಂಪಿನಿಂದ ಮೇಲಕ್ಕೆ ಐದು ಅಡಿ. ಆ ಎಂಟು ಅಡಿಯ ಪಂಪಿನಲ್ಲಿ ಇಲ್ಲಿಗೆ ಬರುವಷ್ಟರಲ್ಲಿ ಅರ್ಧದಷ್ಟು ಉಳಿದರೆ ಹೆಚ್ಚು. ಅದಕ್ಕೇ ಅದರ ಎರಡರಷ್ಟು ಶಕ್ತಿಯ, ವೇಗ ತಗ್ಗಿಸಬಹುದಾದ ಡಿಸಿ ಪಂಪನ್ನು ಆರಿಸಿದೆವು. ಬೆಲೆ ಹೆಚ್ಚಾಯಿತು. ಆದರೆ ಕರೆಂಟ್ ಹೋದಾಗ ಅದು ಬ್ಯಾಟರಿಯಲ್ಲೂ ಓಡುತ್ತದೆ.

ನಮ್ಮ ಕಡೆ ಕರೆಂಟ್ ಹೋಗುವುದು ಸಣ್ಣ ಮಾತಲ್ಲ. ಬೇಸಿಗೆಯಲ್ಲಿ ಕಾದ ನೀರು ಪ್ರಾಣವಾಯುವನ್ನು ಕಡಿಮೆ ಹಿಡಿದಿಟ್ಟುಕೊಳ್ಳುತ್ತದೆ. ಹರಿವು ನಿಂತರೆ ಮೀನು ಉಸಿರುಗಟ್ಟುತ್ತವೆ. ಇನ್ನೊಂದು ಅಪಾಯವೂ ಇದೆ. ಪಂಪ್ ನಿಂತೊಡನೆ ಏರಿದ ದಾರಿಯಲ್ಲೇ ನೀರು ಹಿಂದಕ್ಕೆ ಎಳೆದುಕೊಂಡು ಇಳಿಯುತ್ತದೆ. ಆ ತೊಟ್ಟಿಯಲ್ಲಿ ಒಂದು ಇಂಚು ಇಳಿದರೆ ಹತ್ತು ಲೀಟರಿಗೂ ಮೇಲೆ. ಪೈಪಿನ ತುದಿ ನೀರಿನ ಮೇಲ್ಮೈಗೆ ಹತ್ತಿರವಿದ್ದು, ಅಲ್ಲೇ ಗಾಳಿ ಸೇರುವ ಸಣ್ಣ ತೂತಿದ್ದರೆ ಆ ಎಳೆತ ಬೇಗ ತುಂಡಾಗುತ್ತದೆ. ಅಷ್ಟು ನೀರಿಗೆ ಸಂಪಿನಲ್ಲಿ ಜಾಗವನ್ನೂ ಖಾಲಿ ಬಿಡಬೇಕು.

ಮಾರಿಕಣಿವೆಯ ನಾಲೆಗಳಿಗೆ ಪಂಪು ಬೇಕಿರಲಿಲ್ಲ. ಇಳಿಜಾರೇ ಸಾಕಿತ್ತು, ಮಳೆ ಬಂದರೆ. ಈಚೆಗೆ ಭದ್ರಾ ಮೇಲ್ದಂಡೆ ಯೋಜನೆಯ ಪಂಪುಗಳು ಎತ್ತಿದ ನೀರೂ ವೇದಾವತಿಗೆ ಸೇರಿ ಅಲ್ಲಿಗೆ ಬರುತ್ತಿದೆ. ಆಕಾಶ ನಂಬಿ ಕಟ್ಟಿದ ಕೆರೆಗೂ ಈಗ ಕರೆಂಟಿನ ಹಂಗು. ಅಳಿಯನಿಗೆ ಹೇಳಿದ್ದೇನೆ: ಮೀನು ತರುವ ಮುಂಚೆ ಒಂದು ವಾರ ಬರೀ ನೀರು ಓಡಿಸು. ದಿನಕ್ಕೊಮ್ಮೆ ನೀನೇ ಸ್ವಿಚ್ ಆರಿಸು. ಸಂಪಿನಲ್ಲಿ ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲೊಂದು ಗೆರೆ ಎಳೆ.