ಕಿವಿಗೆ ಕಾಣುವ ನಾಟಕ

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಮಳೆಗಾಲದ ರಾತ್ರಿ ತಾಳಮದ್ದಲೆಗೆ ಕೂಡುವ ಜನರಿಗೆ ಕಥೆಯ ಕೊನೆ ಮೊದಲೇ ಗೊತ್ತಿರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತನ ಪದ, ಮದ್ದಲೆಯ ನುಡಿ, ಅರ್ಥಧಾರಿಯ ಮಾತು, ಇಷ್ಟರಿಂದಲೇ ಕುರುಕ್ಷೇತ್ರವು ಜಗಲಿಯ ಮೇಲೆ ಬಂದು ನಿಲ್ಲಬೇಕು. ಕರ್ಣನು ಮಡಿಯುವನೆಂದು ತಿಳಿಯಲು ಯಾರೂ ಅಲ್ಲಿಗೆ ಹೋಗುವುದಿಲ್ಲ. ಈ ಸಲ ಅವನು ಏನೆಂದು ನುಡಿಯುವನೋ ಅದನ್ನು ಕೇಳಲು ಹೋಗುತ್ತಾರೆ. ಇಂಥ ಕಿವಿಯುಳ್ಳವರು ಅಮೇರಿಕೆಯ ಒಂದು ಹಳೆಯ ಬಾನುಲಿ ನಾಟಕವನ್ನು ಮರಳಿ ಕೇಳಿದರೆ, ಲೋಕವು ಅದಕ್ಕೆ ಕಟ್ಟಿದ ಹೆಸರು ಎಷ್ಟು ಅರೆಬರೆಯೆಂಬುದು ಮನಗಾಣುವುದು.

ಆ ನಾಟಕವು 1938ನೆಯ ಇಸವಿ ಅಕ್ಟೋಬರ 30ರಂದು, ರವಿವಾರ ರಾತ್ರಿ 8 ಗಂಟೆಗೆ ನ್ಯೂಯಾರ್ಕಿನಿಂದ ಪ್ರಸಾರವಾಯಿತು. ಎಚ್. ಜಿ. ವೆಲ್ಸನ 1898ರ ಕಾದಂಬರಿಯೇ ಅದಕ್ಕೆ ಮೂಲ. ಮಂಗಳಗ್ರಹದ ಜೀವಿಗಳು ಇಂಗ್ಲಂಡದ ಮೇಲೆ ದಾಳಿಯಿಡುವ ಆ ಕಥೆಯನ್ನು ಹಾವರ್ಡ್ ಕಾಕ್ ಎಂಬವನು ನ್ಯೂಜರ್ಸಿಗೆ ಒಯ್ದು ಬಾನುಲಿಗೆ ಹೊಂದಿಸಿದನು. ಆಡಿಸಿದವನು 23 ವರುಷದ ಆರ್ಸನ್ ವೆಲ್ಸ್. (ಹೆಸರು ಒಂದೇ ಆಗಿ ಕೇಳಿಸಿದರೂ ಇಬ್ಬರಿಗೂ ನೆಂಟಸ್ತಿಕೆಯಿಲ್ಲ.)

ಶ್ರೋತೃಗಳು ನಾಟಕವನ್ನು ನಿಜವೆಂದು ನಂಬಿ ದೇಶವೆಲ್ಲ ದಿಕ್ಕೆಟ್ಟು ಓಡಿತೆಂಬುದು ಪತ್ರಿಕೆಗಳು ಹಬ್ಬಿಸಿದ ವಾರ್ತೆ. ಬೆದರಿದವರು ಇದ್ದುದು ದಿಟ. ಆದರೆ ಆ ರಾತ್ರಿ ಫೋನಿನಲ್ಲಿ ವಿಚಾರಿಸಿದ ಮನೆಗಳಲ್ಲಿ 100ಕ್ಕೆ 2 ಮಾತ್ರ ಅದನ್ನು ಕೇಳುತ್ತಿದ್ದವು. 1940ರಲ್ಲಿ ಇದರ ಮೇಲೆ ಗ್ರಂಥ ಬರೆದ ಮನಃಶಾಸ್ತ್ರಜ್ಞ ಕ್ಯಾಂಟ್ರಿಲನು ಸಂದರ್ಶಿಸಿದ 135 ಜನರಲ್ಲಿ ಬಹುಮಂದಿ ಹೆದರಿದವರೆಂದೇ ಆರಿಸಲ್ಪಟ್ಟವರು! (ಮೈಸೂರಿನಲ್ಲಿ 1935ರಲ್ಲಿ ಬಾನುಲಿ ನಿಲಯವನ್ನು ತೆರೆದ ಎಂ. ವಿ. ಗೋಪಾಲಸ್ವಾಮಿಯವರೂ ಮನಃಶಾಸ್ತ್ರದ ಪ್ರಾಧ್ಯಾಪಕರೇ.) ಗದ್ದಲದ ಕಥೆಯು ಬೆಳೆದು ನಾಟಕವನ್ನೇ ನುಂಗಿತು.

ಮುದ್ರಿತ ಧ್ವನಿಯು ಉಳಿದಿರುವುದರಿಂದ ನಾಟಕವನ್ನು ಈಗಲೂ ಕೇಳಬಹುದು. ಹೋಟೆಲಿನ ನೃತ್ಯವಾದ್ಯ ನಡೆದಿರುವಾಗ ನಡುನಡುವೆ ವಾರ್ತೆಗಳು ಬರುತ್ತವೆ. ವರದಿಗಾರನ ಪಾತ್ರದ ಫ್ರ್ಯಾಂಕ್ ರೀಡಿಕ್, 1937ರಲ್ಲಿ ಹಿಂಡೆನ್‌ಬರ್ಗ್ ವಾಯುನೌಕೆಯು ಉರಿದಾಗಿನ ವರದಿಯ ಧ್ವನಿಮುದ್ರಣವನ್ನು ಕೇಳಿ ತನ್ನ ಕಂಠವನ್ನು ಅಣಿಗೊಳಿಸಿದ್ದನು. ಅವನ ಮಾತು ನಡುವೆಯೇ ಕಡಿದು ಕೆಲವು ಕ್ಷಣ ಏನೂ ಕೇಳಿಸುವುದಿಲ್ಲ. ಭಾಗವತನು ತಾಳವನ್ನು ಹಿಡಿದು ನಿಲ್ಲಿಸಿದಾಗ ಜಗಲಿಯ ಜನ ಉಸಿರು ಬಿಗಿಹಿಡಿಯುವುದುಂಟಷ್ಟೆ. ಈ ಮೌನವೂ ಅದೇ ಜಾತಿಯದು.

ವಾರ್ತೆಗಳ ಭಾಗವು ಮುಗಿದ ಮೇಲೆ ಮೊದಲ ಸಲ ಕೇಳುವವನಿಗೆ ಬೇಸರ ಬರುವುದು ಸಹಜ. ಉಳಿದುದು ಬಹುಮಟ್ಟಿಗೆ ಒಬ್ಬನ ಸ್ವಗತ: ಖಗೋಳಶಾಸ್ತ್ರಜ್ಞ ಪಿಯರ್ಸನ್ ಹಾಳುಬಿದ್ದ ದಾರಿಯಲ್ಲಿ ನಡೆಯುತ್ತಾನೆ. ಎರಡನೆಯ ಸಲ ಕೇಳಿದಾಗ ನಾಟಕದ ಜೀವವು ಇಲ್ಲಿಯೇ ಇದೆಯೆಂದು ಹೊಳೆಯುತ್ತದೆ. ದಾರಿಯಲ್ಲಿ ಸಿಕ್ಕ ಅಪರಿಚಿತನೊಬ್ಬನು ನೆಲದಡಿಯಲ್ಲಿ ಅಡಗಿದ್ದು, ಮಂಗಳದವರ ಯಂತ್ರಗಳನ್ನು ಕಸಿದು, ಅವನ್ನು ಮಂಗಳದವರ ಮೇಲೆ ಮಾತ್ರವಲ್ಲ, ಮನುಷ್ಯರ ಮೇಲೂ ತಿರುಗಿಸಿ ಎಲ್ಲರನ್ನೂ ಮಂಡಿಯೂರಿಸುವ ಕನಸನ್ನು ಹೇಳುತ್ತಾನೆ. ಮ್ಯೂನಿಕ್ ಒಪ್ಪಂದವಾಗಿ ಆಗ ಒಂದೇ ತಿಂಗಳು ಕಳೆದಿತ್ತು. ಕಿರಣ, ವಿಷವಾಯು ಇವುಗಳಿಗಿಂತ ಈ ಮಾತೇ ಹೆಚ್ಚು ಭಯಂಕರವಾದುದು. ಪತ್ರಿಕೆಗಳ ಗದ್ದಲದಲ್ಲಿ ಅದರ ಸುದ್ದಿಯೇ ಇಲ್ಲ. ಪಿಯರ್ಸನ್ ವಾದಿಸುವುದಿಲ್ಲ. ಅವನಿಗೆ ವಿದಾಯ ಹೇಳಿ ಒಬ್ಬನೇ ನ್ಯೂಯಾರ್ಕಿನ ಬರಿದಾದ ಬೀದಿಗಳತ್ತ ನಡೆಯುತ್ತಾನೆ. ಅಲ್ಲಿ ಹಕ್ಕಿಗಳು ಸುತ್ತುತ್ತಿರುತ್ತವೆ. ಕಣ್ಣಿಗೆ ಕಾಣದ ರೋಗಾಣುಗಳಿಂದ ಸತ್ತ ಮಂಗಳದವರ ಯಂತ್ರಗಳು ಸಾಲಾಗಿ ನಿಂತಿರುತ್ತವೆ.